ಮಲಗುವ ಬೋಗಿಯಲ್ಲಿ ಮಲಗದವರು



ರಾತ್ರಿ ರೈಲು ಹತ್ತಿದವರಿಗೆ ಬೇಕಾದದ್ದು ಹೆಚ್ಚೇನಿಲ್ಲ. ಮಲಗಲು ಒಂದು ಬರ್ತು, ಹೊದೆಯಲು ಒಂದು ಕಂಬಳಿ, ಇಳಿಯುವ ಊರು ಬಂದಾಗ ಎಬ್ಬಿಸಲು ಯಾರಾದರೂ ಒಬ್ಬರು. ಮೊದಲ ಎರಡನ್ನು ದುಡ್ಡು ಕೊಟ್ಟು ತಂದುಬಿಡಬಹುದು. ಮೂರನೆಯದು ಹಾಗಲ್ಲ. ಹಳೆಯ ಕಾಲದ ಅಮೆರಿಕದ ಮಲಗುವ ಬೋಗಿಯಲ್ಲಿ ಇಪ್ಪತ್ತೇಳು ಜನಕ್ಕೆ ಜಾಗವಿತ್ತು. ಆ ಇಪ್ಪತ್ತೇಳು ಜನ ನಿಶ್ಚಿಂತೆಯಾಗಿ ನಿದ್ದೆ ಮಾಡಬೇಕಾದರೆ ಇಪ್ಪತ್ತೆಂಟನೆಯವನೊಬ್ಬ ಎಚ್ಚರವಾಗಿರಬೇಕಾಗಿತ್ತು. ಅವನ ಎಚ್ಚರಕ್ಕೆ ಬೆಲೆ ಎಷ್ಟು, ಆ ಬೆಲೆ ಯಾರ ಜೇಬಿನಿಂದ ಬರಬೇಕು ಎಂಬ ವಿಷಯಕ್ಕೆ ಆ ದೇಶದಲ್ಲಿ ಹನ್ನೆರಡು ವರ್ಷ ಜಗಳ ನಡೆಯಿತು. ಇವತ್ತು ಆ ಜಗಳದ ಬಗ್ಗೆ, ಜಗಳ ಮಾಡಿದವರ ಕೆಲಸದ ಬಗ್ಗೆ ನಾಲ್ಕು ಮಾತು.

ಬೋಗಿಗಳ ಒಡೆಯ ಜಾರ್ಜ್ ಪುಲ್ಮನ್. ಷಿಕಾಗೊ ನಗರದ ಕೆಸರಿನಲ್ಲಿ ಹೂತುಹೋಗುತ್ತಿದ್ದ ಕಟ್ಟಡಗಳನ್ನು ಜ್ಯಾಕು ಕೊಟ್ಟು ಮೇಲೆತ್ತುವ ಗುತ್ತಿಗೆ ಕೆಲಸದಿಂದ ಹೆಸರು ಮಾಡಿದವನು ಈತ. 1867ರಲ್ಲಿ ಮಲಗುವ ಬೋಗಿಗಳ ಕಂಪನಿ ತೆರೆದ. ವ್ಯವಹಾರದ ಜಾಣ್ಮೆ ಇದ್ದದ್ದು ಒಂದು ಏರ್ಪಾಟಿನಲ್ಲಿ. ಹಳಿ, ಎಂಜಿನ್ನು, ಗಾರ್ಡು ಎಲ್ಲ ರೈಲ್ವೆ ಕಂಪನಿಯದು. ಮಲಗುವ ಬೋಗಿ ಮತ್ತು ಅದರೊಳಗಿನ ಸಿಬ್ಬಂದಿ ಮಾತ್ರ ಪುಲ್ಮನ್ನನದು. ಯಾವ ರೈಲಿಗೆ ಬೇಕಾದರೂ ಅವನ ಬೋಗಿ ಜೋಡಿಸಬಹುದು. ಮಖಮಲ್ಲಿನ ಸೀಟು, ಕೆತ್ತನೆಯ ಮರ, ಒಗೆದು ಇಸ್ತ್ರಿ ಮಾಡಿದ ದುಪ್ಪಟಿ, ಇವುಗಳ ಜೊತೆ ಅವನು ಇನ್ನೊಂದು ಸರಕನ್ನೂ ಮಾರಿದ. ಮನೆಯಲ್ಲಿ ಆಳು ಇಟ್ಟುಕೊಳ್ಳುವ ಶಕ್ತಿಯಿಲ್ಲದ ಮಧ್ಯಮ ವರ್ಗದವನಿಗೂ ಒಂದು ರಾತ್ರಿಯ ಮಟ್ಟಿಗೆ ಆಳು ಸಿಗುತ್ತಿದ್ದ.

ಆಳುಗಳು ಎಲ್ಲಿಂದ ಬಂದರು? 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಕಾನೂನಿನಲ್ಲಿ ಅಳಿಯಿತು. ಲಕ್ಷಗಟ್ಟಲೆ ಕಪ್ಪು ಜನ ಕೂಲಿ ಹುಡುಕುತ್ತಿದ್ದರು. ಬೋಗಿಯೊಳಗಿನ ಆಳಿಗೆ ಪೋರ್ಟರ್ ಎಂದು ಹೆಸರು; ಪುಲ್ಮನ್ ಆ ಕೆಲಸಕ್ಕೆ ಅವರನ್ನೇ ಆರಿಸಿಕೊಂಡ. ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಎಂಬುದು ಒಂದು ಕಾರಣ. ಮನೆಗೆಲಸದ ಗುಲಾಮಗಿರಿಯಲ್ಲಿ ಪಳಗಿದವರಿಗೆ ಸೇವೆಯ ರೀತಿ ಹೇಳಿಕೊಡಬೇಕಾಗಿಲ್ಲ ಎಂಬುದು ಇನ್ನೊಂದು. ಇವೆರಡರ ಹಿಂದೆ ಬಾಯಿಬಿಟ್ಟು ಹೇಳಲಾಗದ ಮತ್ತೊಂದು ಕಾರಣವಿತ್ತು. ಪರದೆಯ ಹಿಂದೆ ಒಳಉಡುಪಿನಲ್ಲಿ ಮಲಗುವ, ಕುಡಿದು ತೂರಾಡುವ, ಹೆಂಡತಿಯಲ್ಲದವಳ ಜೊತೆ ಪ್ರಯಾಣ ಮಾಡುವ ಬಿಳಿಯ ಗಿರಾಕಿಗೆ ತನ್ನ ಊರಿನ ಕ್ಲಬ್ಬಿನಲ್ಲೋ ಚರ್ಚಿನಲ್ಲೋ ಈ ಪೋರ್ಟರು ಎದುರಾಗುವ ಭಯವಿರಲಿಲ್ಲ. ಕಂಡೂ ಕಾಣದಂತಿರುವ ಮನುಷ್ಯ ಬೇಕಾಗಿತ್ತು. ಆ ಸಮಾಜ ಅಂಥವನನ್ನು ಮೊದಲೇ ತಯಾರು ಮಾಡಿ ಇಟ್ಟಿತ್ತು.

1920ರ ದಶಕದ ಹೊತ್ತಿಗೆ ಸುಮಾರು ಹನ್ನೆರಡು ಸಾವಿರ ಪೋರ್ಟರುಗಳಿದ್ದರು. ಪ್ರತಿ ರಾತ್ರಿ ಸುಮಾರು ಒಂದು ಲಕ್ಷ ಜನ ಪುಲ್ಮನ್ ಬೋಗಿಗಳಲ್ಲಿ ಮಲಗುತ್ತಿದ್ದರು. ದೇಶದಲ್ಲಿ ಕಪ್ಪು ಜನರಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಖಾಸಗಿ ಕಂಪನಿ ಅದೇ. ಕಪ್ಪು ಜನರ ಬೀದಿಗಳಲ್ಲಿ ಪೋರ್ಟರನಿಗೆ ಗೌರವವಿತ್ತು. ಇಸ್ತ್ರಿ ಮಾಡಿದ ಸಮವಸ್ತ್ರ, ದೂರದ ಊರುಗಳ ಸುದ್ದಿ, ತಿಂಗಳು ತಿಂಗಳು ಬರುವ ಸಂಬಳ. ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದಂಥ ಕೆಲಸ. ಇದನ್ನು ಮರೆತರೆ ಮುಂದಿನ ಕಥೆ ಬರೀ ಗೋಳಾಗಿಬಿಡುತ್ತದೆ. ಅದು ಬರೀ ಗೋಳಲ್ಲ.

ಈಗ ಒಂದು ರಾತ್ರಿಯ ಕೆಲಸ ನೋಡೋಣ.

ಗಾಡಿ ಹೊರಡುವುದಕ್ಕೆ ಎಷ್ಟೋ ಹೊತ್ತು ಮುಂಚೆ ಪೋರ್ಟರು ಯಾರ್ಡಿಗೆ ಹೋಗಬೇಕು. ಬೋಗಿಯ ದುಪ್ಪಟಿ, ದಿಂಬಿನ ಚೀಲ, ಟವೆಲ್ಲು ಎಣಿಸಿ ವಹಿಸಿಕೊಳ್ಳಬೇಕು. ಹಿತ್ತಾಳೆಯ ಹಿಡಿಕೆ ಒರೆಸಬೇಕು, ಉಗುಳುವ ಪಾತ್ರೆ ತೊಳೆಯಬೇಕು, ನೀರು ನೋಡಿಕೊಳ್ಳಬೇಕು. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಮೆಟ್ಟಿಲಿನ ಪೆಟ್ಟಿಗೆ ಇಟ್ಟು, ಟೋಪಿ ಸರಿಮಾಡಿಕೊಂಡು, ಬಂದವರನ್ನೆಲ್ಲ ನಗುಮುಖದಿಂದ ಹತ್ತಿಸಿಕೊಳ್ಳಬೇಕು. ಪೆಟ್ಟಿಗೆ ಹೊರುವುದಂತೂ ಇದ್ದೇ ಇದೆ.

ರಾತ್ರಿಯ ನಿಜವಾದ ಕಸುಬು ಹಾಸಿಗೆ ಮಾಡುವುದು. ಎದುರುಬದುರಿನ ಎರಡು ಸೀಟುಗಳನ್ನು ಎಳೆದು ಕೂಡಿಸಿದರೆ ಕೆಳಗಿನ ಬರ್ತು. ಛಾವಣಿಗೆ ಅಂಟಿಕೊಂಡಂತಿದ್ದ ಬಾಗಿದ ಹಲಗೆಯನ್ನು ಕೀಲಿ ತಿರುಗಿಸಿ ಇಳಿಸಿದರೆ ಮೇಲಿನ ಬರ್ತು. ಅದರ ಹೊಟ್ಟೆಯೊಳಗಿಂದಲೇ ಹಾಸಿಗೆ, ಕಂಬಳಿ, ಪರದೆ ಹೊರಗೆ ಬರಬೇಕು. ಅಡ್ಡ ಹಲಗೆ ಸಿಗಿಸಬೇಕು, ದುಪ್ಪಟಿ ಸುಕ್ಕಿಲ್ಲದೆ ಹಾಸಬೇಕು, ಹಜಾರದ ಕಡೆಗೆ ದಪ್ಪ ಪರದೆ ಕಟ್ಟಬೇಕು. ಗಾಡಿ ಗಂಟೆಗೆ ಅರವತ್ತು ಮೈಲಿ ಓಡುತ್ತ ತಿರುವಿನಲ್ಲಿ ವಾಲುತ್ತಿರುವಾಗ, ಮಲಗಬೇಕಾದವರು ಪಕ್ಕದಲ್ಲೇ ಆಕಳಿಸುತ್ತ ನಿಂತಿರುವಾಗ ಇದನ್ನೆಲ್ಲ ಮಾಡಬೇಕು. ಪಳಗಿದ ಪೋರ್ಟರು ನಿಮಿಷಗಳಲ್ಲಿ ಒಂದು ಹಾಸಿಗೆ ಮುಗಿಸುತ್ತಿದ್ದ. ಬೆಳಿಗ್ಗೆ ಎಲ್ಲವನ್ನೂ ಮತ್ತೆ ಮಡಚಿ ಛಾವಣಿಗೇರಿಸಿ, ಮಲಗುವ ಮನೆಯನ್ನು ಕೂರುವ ಮನೆ ಮಾಡಬೇಕು.

ಎಲ್ಲರೂ ಮಲಗಿದ ಮೇಲೆ ಬೂಟುಗಳ ಸರದಿ. ಗಿರಾಕಿಗಳು ಬೂಟು ಬಿಚ್ಚಿ ಬರ್ತಿನ ಕೆಳಗೆ ಇಡುತ್ತಿದ್ದರು. ಪೋರ್ಟರು ಅವನ್ನು ಎತ್ತಿಕೊಂಡು ಹೋಗಿ ಪಾಲಿಶ್ ಹಾಕಿ ಬೆಳಗಾಗುವುದರೊಳಗೆ ಅಲ್ಲೇ ತಂದಿಡಬೇಕು. ಒಬ್ಬರ ಬೂಟು ಇನ್ನೊಬ್ಬರ ಬರ್ತಿಗೆ ಹೋದರೆ ರಂಪ. ಅದಕ್ಕೇ ಅಟ್ಟೆಯ ಅಡಿಗೆ ಸೀಮೆಸುಣ್ಣದಲ್ಲಿ ಬರ್ತಿನ ನಂಬರು ಬರೆದುಕೊಳ್ಳುತ್ತಿದ್ದರು. ಪಾಲಿಶ್ ಡಬ್ಬಿ ಕಂಪನಿ ಕೊಡುತ್ತಿರಲಿಲ್ಲ. ಅದು ಪೋರ್ಟರನ ಖರ್ಚು. ನಡುವೆ ಕರೆಗಂಟೆ. ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಇನ್ನೊಂದು ದಿಂಬು, ಮಗು ಅಳುತ್ತಿದ್ದರೆ ಹಾಲು ಬೆಚ್ಚಗೆ ಮಾಡಿಕೊಡಬೇಕು. ರಾತ್ರಿ ಮೂರಕ್ಕೆ ಇಳಿಯುವವರನ್ನು ಮೂರಕ್ಕೆ ಸ್ವಲ್ಪ ಮುಂಚೆ ಎಬ್ಬಿಸಬೇಕು, ಅದೂ ಪಕ್ಕದ ಬರ್ತಿನವರಿಗೆ ಎಚ್ಚರವಾಗದ ಹಾಗೆ. ಮೈ ಮುಟ್ಟುವಂತಿಲ್ಲ, ಪರದೆ ಅಲ್ಲಾಡಿಸಬೇಕು.

ಇಷ್ಟಕ್ಕೂ ನಿಯಮದ ಪುಸ್ತಕವಿತ್ತು. ಒಂದು ಬಾಟಲಿ ಬಿಯರನ್ನು ಗಿರಾಕಿಯ ಮುಂದೆ ಇಡುವ ಕ್ರಮವೇ ಹನ್ನೆರಡು ಹಂತಗಳದು. ನಿಯಮ ಪಾಲಿಸುತ್ತಿದ್ದಾರೋ ಇಲ್ಲವೋ ನೋಡಲು ಕಂಪನಿ ಗೂಢಚಾರರನ್ನು ಪ್ರಯಾಣಿಕರ ವೇಷದಲ್ಲಿ ಹತ್ತಿಸುತ್ತಿತ್ತು. ಟವೆಲ್ಲು ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಗಿರಾಕಿ ಪೆಟ್ಟಿಗೆಯೊಳಗೆ ತುರುಕಿಕೊಂಡು ಹೋದನೆಂದು ಗೊತ್ತಿದ್ದರೂ ಪೋರ್ಟರು ಬಾಯಿ ಬಿಡುವ ಹಾಗಿರಲಿಲ್ಲ.

ಅವನು ಮಲಗುವುದು ಯಾವಾಗ? ಎಲ್ಲ ಸುಗಮವಾಗಿದ್ದರೆ ರಾತ್ರಿ ಮೂರು ಗಂಟೆಗಳ ನಿದ್ದೆಗೆ ಅವಕಾಶ, ಗಂಡಸರ ಕೈತೊಳೆಯುವ ಕೋಣೆಗೆ ಸೇರಿಕೊಂಡಿದ್ದ ಸಿಗರೇಟು ಕೋಣೆಯ ಸೋಫಾದ ಮೇಲೆ. ಅಲ್ಲಿ ಯಾರಾದರೂ ಇಸ್ಪೀಟು ಆಡುತ್ತ ಕುಳಿತಿದ್ದರೆ ಅದೂ ಇಲ್ಲ. ಅವನ ಹೊದಿಕೆಯ ಬಣ್ಣ ನೀಲಿ. ಗಿರಾಕಿಗಳ ಕಂಬಳಿಯ ಬಣ್ಣ ಬೇರೆ. ಪೋರ್ಟರು ಹೊದ್ದದ್ದು ತಪ್ಪಿಯೂ ಗಿರಾಕಿಯ ಮೈಗೆ ಹೋಗದಿರಲಿ ಎಂದು ಈ ಏರ್ಪಾಡು. ಬಣ್ಣಭೇದಕ್ಕೆ ಕಂಬಳಿಯಲ್ಲಿಯೇ ಸಾಕ್ಷಿ ಇಟ್ಟಿದ್ದರು! ದಕ್ಷಿಣದ ರಾಜ್ಯಗಳಲ್ಲಂತೂ ತಾನು ದಿನಾ ಹಾಸುವ ಅದೇ ಬರ್ತನ್ನು ಟಿಕೆಟ್ ಕೊಂಡು ತನ್ನ ಹೆಂಡತಿ ಮಕ್ಕಳಿಗೆ ಕೊಡಿಸುವುದು ಅವನಿಗೆ ಬಹುಮಟ್ಟಿಗೆ ಆಗದ ಮಾತಾಗಿತ್ತು.

ಹೆಸರಿನ ವಿಷಯವನ್ನೂ ಹೇಳಿಬಿಡಬೇಕು. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುವ ಹಳೆಯ ಚಾಳಿಯಂತೆ, ಪುಲ್ಮನ್ನನ ಆಳುಗಳನ್ನೆಲ್ಲ ಗಿರಾಕಿಗಳು ‘ಜಾರ್ಜ್’ ಎಂದೇ ಕರೆಯುತ್ತಿದ್ದರು. ಇದು ಸರಿಯಲ್ಲ ಎಂದು 1914ರಲ್ಲಿ ಒಂದು ಸಂಘ ಹುಟ್ಟಿತು. ಪೋರ್ಟರುಗಳು ಕಟ್ಟಿದ ಸಂಘವಲ್ಲ ಅದು. ಜಾರ್ಜ್ ಎಂಬ ಹೆಸರಿನ ಬಿಳಿಯ ಮರದ ವ್ಯಾಪಾರಿಯೊಬ್ಬ, ಪೋರ್ಟರನನ್ನು ಕರೆದಾಗಲೆಲ್ಲ ತಾನು ತಿರುಗಿ ನೋಡಬೇಕಾಗುತ್ತದಲ್ಲ ಎಂದು ತಮಾಷೆಗೆ ಹುಟ್ಟುಹಾಕಿದ್ದು. ಸಾವಿರಾರು ಜಾರ್ಜ್‌ಗಳು ಸದಸ್ಯರಾದರು. ನಗು ಬರುತ್ತದೆ, ನಗುವುದಕ್ಕೆ ಮನಸ್ಸಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇಲ್ಲಿದೆ. ಕಂಬಳಿಯ ಬಣ್ಣದಲ್ಲಿ, ಕರೆಯುವ ಹೆಸರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ.

1915ರಲ್ಲಿ ಅಮೆರಿಕದ ಸರ್ಕಾರಿ ಆಯೋಗವೊಂದು ಪುಲ್ಮನ್ ಕಂಪನಿಯನ್ನು ವಿಚಾರಣೆಗೆ ಕರೆಯಿತು. ಪುಲ್ಮನ್ 1897ರಲ್ಲೇ ಸತ್ತಿದ್ದ. ಅವನ ನಂತರ ಕಂಪನಿಯ ಅಧ್ಯಕ್ಷನಾದವನು ರಾಬರ್ಟ್ ಟಾಡ್ ಲಿಂಕನ್, ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ ಅಬ್ರಹಾಂ ಲಿಂಕನ್ನರ ಮಗ. ಆಯೋಗದ ಮುಂದೆ ಬಂದು ಸಾಕ್ಷಿ ಹೇಳಿದವನೂ ಆತನೇ. ಪೋರ್ಟರನ ಸಂಬಳ ಆಗ ತಿಂಗಳಿಗೆ 27.50 ಡಾಲರು. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ, ಉಳಿದದ್ದನ್ನು ಪ್ರಯಾಣಿಕರು ಕೊಡುವ ಭಕ್ಷೀಸು ತುಂಬಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆ ದಿನ ಅದು ಬಹಿರಂಗ ಲೆಕ್ಕವಾಯಿತು.

ಹತ್ತು ವರ್ಷ ಕಳೆಯುವ ಹೊತ್ತಿಗೆ ಸಂಬಳ 67.50 ಡಾಲರಿಗೆ ಏರಿತ್ತು. ಅದಕ್ಕೆ ಪ್ರತಿಯಾಗಿ ತಿಂಗಳಲ್ಲಿ 400 ಗಂಟೆ ಅಥವಾ 11,000 ಮೈಲಿ ದುಡಿಯಬೇಕು. ನಾನೂರು ಗಂಟೆಯೆಂದರೆ ಮೂವತ್ತು ದಿನವೂ ರಜೆಯಿಲ್ಲದೆ ದಿನಕ್ಕೆ ಹದಿಮೂರು ಗಂಟೆಗೂ ಹೆಚ್ಚು. ಅದರಲ್ಲೂ ಗಾಡಿ ಹೊರಟ ಮೇಲಿನ ಹೊತ್ತು ಮಾತ್ರ ಕೆಲಸ. ನಡುರಾತ್ರಿಗೆ ಹೊರಡುವ ಗಾಡಿಗೆ ಸಂಜೆಯಿಂದಲೇ ಜನರನ್ನು ಹತ್ತಿಸಿಕೊಂಡು ಮಲಗಿಸುವ ಪದ್ಧತಿ ಇತ್ತು. ಪೋರ್ಟರು ಸಂಜೆಯೇ ಹಾಜರು; ಲೆಕ್ಕ ಮಾತ್ರ ನಡುರಾತ್ರಿಯಿಂದ. ಊಟ, ಪಾಲಿಶ್, ಸಮವಸ್ತ್ರ, ಹೊರಊರಿನಲ್ಲಿ ತಂಗುವುದು, ಇವಕ್ಕೆಲ್ಲ ತಿಂಗಳಿಗೆ ಮೂವತ್ತು ಡಾಲರಿಗೂ ಹೆಚ್ಚು ಕೈಬಿಟ್ಟು ಹೋಗುತ್ತಿತ್ತು. ಕೆಲವು ಗಾಡಿಗಳಲ್ಲಿ ಬಿಳಿಯ ಕಂಡಕ್ಟರನ ಕೆಲಸವನ್ನೂ ಪೋರ್ಟರನ ಹೆಗಲಿಗೇ ಹಾಕಿ, ಕಂಡಕ್ಟರನ ಸಂಬಳದ ಒಂದು ಸಣ್ಣ ತುಣುಕನ್ನು ಕೊಡುತ್ತಿದ್ದರು.

ಭಕ್ಷೀಸಿನ ಬಗ್ಗೆ ನನ್ನದೊಂದು ಅಭಿಪ್ರಾಯ. ನಾವು ಅದನ್ನು ಉದಾರತೆ ಎಂದುಕೊಳ್ಳುತ್ತೇವೆ. ಕೊಟ್ಟಾಗ ನಮಗೂ ಹಿತವಾಗುತ್ತದೆ. ಆದರೆ ಸಂಬಳದ ಜಾಗದಲ್ಲಿ ಭಕ್ಷೀಸು ಕುಳಿತಾಗ ಏನಾಗುತ್ತದೆಂದರೆ, ದುಡಿಯುವವನ ಮುಖದ ನಗುವೂ ಕೆಲಸದ ಪಾಲಾಗುತ್ತದೆ. ಮಗು ಜ್ವರದಲ್ಲಿ ಮಲಗಿದ್ದರೂ ನಗಬೇಕು. ಬೈದವನಿಗೂ ನಗಬೇಕು. ಯಾವ ಗಿರಾಕಿ ಎಷ್ಟು ನಗುವಿಗೆ ಎಷ್ಟು ಕೊಡುತ್ತಾನೆಂದು ಮುಖ ನೋಡಿಯೇ ಅಳೆಯಬೇಕು. ಕಂಪನಿಗೆ ಇದರಿಂದ ಎರಡು ಕಡೆ ಲಾಭ: ಸಂಬಳ ಉಳಿಯಿತು, ಮೇಲ್ವಿಚಾರಣೆಯನ್ನು ಗಿರಾಕಿಯೇ ಪುಕ್ಕಟೆ ಮಾಡಿದ. ಪೋರ್ಟರುಗಳ ಸಂಘ ತನ್ನ ಮೊದಲ ಬೇಡಿಕೆಗಳಲ್ಲೇ ಭಕ್ಷೀಸು ಬೇಡ, ಬದುಕುವಷ್ಟು ಸಂಬಳ ಕೊಡಿ ಎಂದು ಕೇಳಿತು. ಎಷ್ಟೋ ಪೋರ್ಟರುಗಳಿಗೇ ಇದು ಹಿಡಿಸಲಿಲ್ಲ. ಒಳ್ಳೆಯ ಗಾಡಿ ಸಿಕ್ಕವನಿಗೆ ಭಕ್ಷೀಸು ಚೆನ್ನಾಗಿಯೇ ಬರುತ್ತಿತ್ತು. ಕೈಯಲ್ಲಿದ್ದದ್ದನ್ನು ಬಿಟ್ಟು ಕಾಗದದ ಮೇಲಿನದಕ್ಕೆ ಯಾರು ಕೈಚಾಚುತ್ತಾರೆ?

ಸಂಘದ ಕಥೆ ಶುರುವಾಗುವುದು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ, 1925ರ ಆಗಸ್ಟ್ 25ರಂದು. ಮುಂದಾಳು ಎ. ಫಿಲಿಪ್ ರ‍್ಯಾಂಡಾಲ್ಫ್. ಅವರು ಪೋರ್ಟರಲ್ಲ, ಪತ್ರಿಕೆಯೊಂದರ ಸಂಪಾದಕರು. ಪೋರ್ಟರುಗಳೇ ಹುಡುಕಿಕೊಂಡು ಹೋಗಿ ಅವರನ್ನು ಕರೆತಂದರು, ಏಕೆಂದರೆ ಕಂಪನಿಯ ನೌಕರನಲ್ಲದವರನ್ನು ಕಂಪನಿ ಕೆಲಸದಿಂದ ತೆಗೆಯುವಂತಿಲ್ಲ. ಸಭೆಯಲ್ಲಿ ಕಂಪನಿಯ ಕಿವಿಗಳೂ ಕುಳಿತಿರುತ್ತವೆಂದು ರ‍್ಯಾಂಡಾಲ್ಫ್‌ರಿಗೆ ಗೊತ್ತಿತ್ತು. ಆದ್ದರಿಂದ ಪ್ರಾರ್ಥನೆಯಿಂದ ಹಿಡಿದು ನಿರ್ಣಯ ಮಂಡಿಸುವವರೆಗೆ ಎಲ್ಲವನ್ನೂ ತಾವೇ ಮಾಡಿದರು. ಯಾವ ಪೋರ್ಟರೂ ಬಾಯಿ ತೆರೆದು ಸಿಕ್ಕಿಬೀಳಬೇಕಾಗಲಿಲ್ಲ. ಇವರ ಪತ್ರಿಕೆ ಮತ್ತು ಸಂಸಾರ ಎರಡಕ್ಕೂ ಆಧಾರವಾದದ್ದು ಹೆಂಡತಿ ಲೂಸಿಲ್ ನಡೆಸುತ್ತಿದ್ದ ಕೇಶಶೃಂಗಾರದ ಅಂಗಡಿಯ ಗಳಿಕೆ. ಪೋರ್ಟರುಗಳ ಹೆಂಡಂದಿರ ಕೆಲಸವೂ ಕಡಿಮೆಯದಲ್ಲ. ಗಂಡ ಸಂಘದ ಸದಸ್ಯನೆಂದು ಗೊತ್ತಾದರೆ ಕೆಲಸ ಹೋಗುತ್ತಿದ್ದ ಕಾಲದಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತಿದವರು, ಗುಟ್ಟು ಕಾಪಾಡಿದವರು ಅವರು. ಬೋಗಿಗಳಲ್ಲಿ ಕಪ್ಪು ಹೆಂಗಸರೂ ದುಡಿಯುತ್ತಿದ್ದರು, ಶ್ರೀಮಂತ ಮಹಿಳೆಯರ ಉಗುರು ಕತ್ತರಿಸಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಅವರ ಕಥೆ ಪುಸ್ತಕಗಳಲ್ಲಿ ಬಹಳ ಕಡಿಮೆ.

ಕಂಪನಿ ಕೈಕಟ್ಟಿ ಕೂರಲಿಲ್ಲ. ಅನುಮಾನ ಬಂದವರನ್ನು ಮನೆಗೆ ಕಳಿಸಿತು, ತನ್ನದೇ ಸಾಕುಸಂಘವನ್ನು ಮುಂದೆ ಮಾಡಿತು, ಕಪ್ಪು ಪೋರ್ಟರುಗಳನ್ನು ಹೆದರಿಸಲು ಫಿಲಿಪ್ಪೀನ್ಸಿನವರನ್ನು ಕೆಲಸಕ್ಕೆ ತೆಗೆದುಕೊಂಡಿತು. 1928ರಲ್ಲಿ ಸಂಘ ಮುಷ್ಕರದ ದಿನ ಗೊತ್ತುಮಾಡಿ ಕೊನೆಯ ಘಳಿಗೆಯಲ್ಲಿ ಹಿಂದೆಗೆಯಬೇಕಾಯಿತು. ಅಲ್ಲಿಂದ ಇಳಿಜಾರು. 1929ರ ಆರ್ಥಿಕ ಕುಸಿತ ಬಂದು ರೈಲುಗಳೇ ಖಾಲಿಯಾದವು. ಸಾವಿರಗಟ್ಟಲೆ ಇದ್ದ ಸದಸ್ಯರು 1933ರ ಹೊತ್ತಿಗೆ ಏಳುನೂರಕ್ಕಿಂತ ಕೆಳಗಿಳಿದರು. ಕಚೇರಿಯ ವಿದ್ಯುತ್ತು ಕಡಿದುಹೋಯಿತು. ಸಂಘ ಸತ್ತಿತು ಎಂದೇ ಬಹಳ ಜನ ಅಂದುಕೊಂಡರು.

ಬದುಕಿಸಿದ್ದು ಕಾನೂನು. ಫ್ರ್ಯಾಂಕ್ಲಿನ್ ರೂಸ್ವೆಲ್ಟ್ ಆಡಳಿತದಲ್ಲಿ, 1934ರಲ್ಲಿ, ರೈಲ್ವೆ ಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಗಿ ನೌಕರರು ತಮ್ಮ ಸಂಘವನ್ನು ಮತದಿಂದ ಆರಿಸಿಕೊಳ್ಳುವ ದಾರಿ ತೆರೆಯಿತು. 1935ರ ಮತದಾನದಲ್ಲಿ ರ‍್ಯಾಂಡಾಲ್ಫ್‌ರ ಸಂಘ ಕಂಪನಿಯ ಸಾಕುಸಂಘವನ್ನು ನೆಲಕಚ್ಚಿಸಿತು. ಮಾತುಕತೆ ಎರಡು ವರ್ಷ ಎಳೆಯಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 1937ರ ಆಗಸ್ಟ್ 25ರಂದು, ಹಾರ್ಲೆಮ್ಮಿನ ಸಭೆಗೆ ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನ. ತಿಂಗಳ ದುಡಿಮೆ 400 ಗಂಟೆಯಿಂದ 240ಕ್ಕೆ ಇಳಿಯಿತು. ಕನಿಷ್ಠ ಸಂಬಳ 89.50 ಡಾಲರಿಗೆ ಏರಿತು. ಕಪ್ಪು ಕಾರ್ಮಿಕರ ಸಂಘವೊಂದು ಅಮೆರಿಕದ ದೊಡ್ಡ ಕಂಪನಿಯಿಂದ ಪಡೆದ ಮೊದಲ ದೊಡ್ಡ ಒಪ್ಪಂದ ಅದು. ಸಂಬಳದ ಏರಿಕೆಗಿಂತ ಆ 160 ಗಂಟೆಗಳು ನನಗೆ ದೊಡ್ಡವಾಗಿ ಕಾಣುತ್ತವೆ. ಮನೆಯಲ್ಲಿ ಉಣ್ಣುವ, ಮಕ್ಕಳ ಜೊತೆ ಇರುವ, ಹಗಲು ಬಾಗಿಲು ಹಾಕಿಕೊಂಡು ಗಡದ್ದಾಗಿ ನಿದ್ದೆ ಹೊಡೆಯುವ ಗಂಟೆಗಳು ಅವು.

ಹಾಸಿಗೆ ಹಾಸಿದ್ದರ ಜೊತೆಗೆ ಪೋರ್ಟರುಗಳು ಇನ್ನೊಂದು ಕೆಲಸವನ್ನೂ ಮಾಡಿದರು, ಅದಕ್ಕೆ ಸಂಬಳವಿರಲಿಲ್ಲ. ಷಿಕಾಗೊದಿಂದ ಹೊರಡುತ್ತಿದ್ದ ‘ಷಿಕಾಗೊ ಡಿಫೆಂಡರ್’ ಕಪ್ಪು ಜನರ ಪತ್ರಿಕೆ. ದಕ್ಷಿಣದಲ್ಲಿ ಕೊಲೆ, ಬೆಂಕಿ, ಕೂಲಿಮೋಸಗಳ ಸುದ್ದಿ ಅದರಲ್ಲಿ ಬರುತ್ತಿತ್ತು. ಉತ್ತರದ ಕಾರ್ಖಾನೆಗಳಲ್ಲಿ ಕೆಲಸವಿದೆ ಎಂಬುದೂ ಬರುತ್ತಿತ್ತು. ದಕ್ಷಿಣದ ಎಷ್ಟೋ ಊರುಗಳಲ್ಲಿ ಬಿಳಿಯರು ಅದನ್ನು ಮಾರಲು ಬಿಡುತ್ತಿರಲಿಲ್ಲ. ಪೋರ್ಟರುಗಳು ಕಟ್ಟುಗಳನ್ನು ಬೋಗಿಯಲ್ಲಿ ಅಡಗಿಸಿಟ್ಟುಕೊಂಡು ಹೋಗಿ, ಬೇಕಾದ ಕಡೆ ಗಾಡಿಯಿಂದ ಎಸೆಯುತ್ತಿದ್ದರು. ಲಕ್ಷಾಂತರ ಕಪ್ಪು ಜನ ದಕ್ಷಿಣ ಬಿಟ್ಟು ಉತ್ತರಕ್ಕೆ ಹೋದ ಮಹಾವಲಸೆಗೆ ಈ ಕಟ್ಟುಗಳೂ ಕಾರಣ. ಕಂಡೂ ಕಾಣದಂತಿರು ಎಂದು ಕಂಪನಿ ಕಲಿಸಿದ ಪಾಠ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು.

ನಮಗೂ ಇದಕ್ಕೂ ಒಂದು ಎಳೆ ಇದೆ. 1941ರಲ್ಲಿ ರ‍್ಯಾಂಡಾಲ್ಫ್ ವಾಷಿಂಗ್ಟನ್ನಿಗೆ ಕಪ್ಪು ಜನರ ಮೆರವಣಿಗೆ ತರುವುದಾಗಿ ಎಚ್ಚರಿಸಿದಾಗ, ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಬಣ್ಣಭೇದ ಮಾಡಬಾರದೆಂಬ ಆದೇಶವನ್ನು ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಬೇಕಾಯಿತು. ಮುಂದಿನ ಒಂದೆರಡು ವರ್ಷಗಳಲ್ಲಿ, ಗಾಂಧೀಜಿ ಇಲ್ಲಿ ಸೆರೆಮನೆಯಲ್ಲಿದ್ದಾಗ, ಅವರ ಅಹಿಂಸಾತ್ಮಕ ಕಾನೂನುಭಂಗದ ದಾರಿಯನ್ನು ತಮ್ಮ ಜನರ ಮುಂದೆ ಇಟ್ಟವರಲ್ಲಿ ರ‍್ಯಾಂಡಾಲ್ಫ್ ಒಬ್ಬರು.

ಇನ್ನು ನಮ್ಮ ರೈಲುಗಳು. ಬೆಂಗಳೂರಿನಲ್ಲಿ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವರು ದೆಹಲಿ ಮುಟ್ಟುವಷ್ಟರಲ್ಲಿ ಎರಡು ರಾತ್ರಿ ಕಳೆದಿರುತ್ತದೆ. ಏಸಿ ಬೋಗಿಯಲ್ಲಿ ಕಾಗದದ ಪೊಟ್ಟಣದ ದುಪ್ಪಟಿ, ದಿಂಬು, ಕಂಬಳಿ ತಂದುಕೊಡುವ ಅಟೆಂಡರ್ ಹುಡುಗನನ್ನು ನೀವೆಲ್ಲ ನೋಡಿದ್ದೀರಿ. ಬಹುತೇಕ ಗುತ್ತಿಗೆದಾರನ ಕೆಳಗೆ ದುಡಿಯುವವನು. ಅವನ ಠಾವು ಬಾಗಿಲ ಬಳಿ, ಬಟ್ಟೆಯ ಬೀರುವಿನ ಪಕ್ಕ, ಶೌಚಾಲಯದ ಎದುರು. ಕೊನೆಯ ನಿಲ್ದಾಣ ಬರುವ ಮುಂಚೆ ಅವನು ಗಾಬರಿಯಿಂದ ದುಪ್ಪಟಿ ಟವೆಲ್ಲು ಎಣಿಸುವುದನ್ನು ಕಂಡು ಕೆಲವರಿಗೆ ಕಿರಿಕಿರಿಯಾಗುತ್ತದೆ. ಇಳಿಯುವ ಮುಂಚೆಯೇ ಕಿತ್ತುಕೊಳ್ಳುತ್ತಾನಲ್ಲ ಎಂದು. ಕಳೆದದ್ದರ ಬೆಲೆ ಎಲ್ಲಿಂದ ಮುರಿದುಕೊಳ್ಳುತ್ತಾರೆ ಎಂದು ಒಮ್ಮೆ ಅವನನ್ನೇ ಕೇಳಿ ನೋಡಿ. ಅಮೆರಿಕದ ಚರಿತ್ರೆಯನ್ನು ಇಲ್ಲಿಗೆ ಎಳೆದು ತಂದು ಎರಡೂ ಒಂದೇ ಎನ್ನುವುದು ನನ್ನ ಉದ್ದೇಶವಲ್ಲ. ಗುಲಾಮಗಿರಿಯ ನೆನಪಿನ ಮೇಲೆ ಕಟ್ಟಿದ ಕೆಲಸ ಅದು, ಇದರ ಬೇರು ಬೇರೆ. ಟವೆಲ್ಲಿನ ಲೆಕ್ಕ ಮಾತ್ರ ಎರಡೂ ಕಡೆ ಒಂದೇ ರೀತಿ ನಡೆಯುತ್ತದೆ.

ಪುಲ್ಮನ್ ಕಂಪನಿ ಮಲಗುವ ಬೋಗಿಗಳ ಸೇವೆಯನ್ನು 1968ರ ಕೊನೆಗೆ ನಿಲ್ಲಿಸಿತು. ವಿಮಾನ ಮತ್ತು ಕಾರು ಗಿರಾಕಿಗಳನ್ನು ಆಗಲೇ ಎಳೆದುಕೊಂಡಿದ್ದವು. ಸಂಘ 1978ರಲ್ಲಿ ದೊಡ್ಡದೊಂದು ರೈಲ್ವೆ ಸಂಘದಲ್ಲಿ ಸೇರಿಹೋಯಿತು. ಮರುವರ್ಷ ರ‍್ಯಾಂಡಾಲ್ಫ್ ತೀರಿಕೊಂಡರು.

ಕೊನೆಯದಾಗಿ ಒಬ್ಬ ಪೋರ್ಟರನ ಹೆಸರು: ಇ. ಡಿ. ನಿಕ್ಸನ್. ಅಲಬಾಮ ರಾಜ್ಯದ ಮಾಂಟ್ಗಮರಿ ಊರಿನವರು. ರ‍್ಯಾಂಡಾಲ್ಫ್‌ರ ಭಾಷಣ ಕೇಳಿ ಸಂಘ ಸೇರಿ, ತಮ್ಮ ಊರಿನ ಶಾಖೆ ನಡೆಸಿದವರು. 1955ರ ಡಿಸೆಂಬರ್ 1ರ ಸಂಜೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್‌ರನ್ನು ಪೊಲೀಸರು ಹಿಡಿದಾಗ ಜಾಮೀನು ಕೊಟ್ಟು ಬಿಡಿಸಿ ತಂದವರು ಇವರು. ಬಸ್ಸು ಬಹಿಷ್ಕಾರ ಮಾಡೋಣ ಎಂದು ಬೆಳಗಾಗುತ್ತಿದ್ದಂತೆ ಪಾದ್ರಿಗಳಿಗೆಲ್ಲ ಫೋನು ಮಾಡಿದವರೂ ಇವರೇ. ಆ ಪಾದ್ರಿಗಳಲ್ಲಿ ಇಪ್ಪತ್ತಾರು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು. ಸಂಜೆಗೆ ಕಿಂಗ್‌ರ ಚರ್ಚಿನಲ್ಲಿ ಸಭೆ ಸೇರಿತು. ಮುಂದೆ 381 ದಿನ ನಡೆದ ಚಳವಳಿಯ ಮೊದಲ ಸಭೆ. ನಿಕ್ಸನ್ ಅಲ್ಲಿರಲಿಲ್ಲ. ಅಧ್ಯಕ್ಷತೆಯನ್ನು ಬೇರೊಬ್ಬರಿಗೆ ವಹಿಸಿ ಹೊರಟುಹೋಗಿದ್ದರು. ಅಂದು ಅವರ ಡ್ಯೂಟಿಯಿತ್ತು, ರೈಲು ಹೊರಡುವ ಹೊತ್ತಾಗಿತ್ತು.